ಹಳೆ ಆಸಿಲೋಸ್ಕೋಪಿಗೆ ಸೆಕೆಂಡ್ ಹ್ಯಾಂಡ್ ಕ್ಯಾಲಿಬ್ರೇಟರ್: ಮೊದಲು ಪಿಜಿ506, ಉಳಿದದ್ದು ಆಮೇಲೆ

ನೇರವಾಗಿ ಹೇಳಿಬಿಡುತ್ತೇನೆ. ಟೆಕ್ಟ್ರಾನಿಕ್ಸ್ 453, 465, 475, 7000 ಸರಣಿ, ಇಂಥ ಹಳೆ ಅನಲಾಗ್ ಆಸಿಲೋಸ್ಕೋಪ್ (ವಿದ್ಯುತ್ ಸಿಗ್ನಲ್ಲನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಉಪಕರಣ) ಯಾವುದಾದರೂ ನಿಮ್ಮ ಬೆಂಚಿನ ಮೇಲಿದೆ, ಅದನ್ನು ಸರಿಯಾಗಿ ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಗೊತ್ತಿರುವ ಸಿಗ್ನಲ್ ಕೊಟ್ಟು ಅದರ ಅಳತೆ ಸರಿಪಡಿಸಬೇಕು ಅನ್ನೋ ಆಸೆಯೂ ಇದೆ ಅಂದರೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಮೊದಲು ಹುಡುಕಬೇಕಾದ್ದು ಅದೇ ಕಂಪನಿಯ ಪಿಜಿ506, ಅಂದರೆ ಚೌಕ ಅಲೆ ಕೊಡುವ ಕ್ಯಾಲಿಬ್ರೇಟರ್. ಎರಡನೆಯದು ಸಮಯದ ಗುರುತು ಕೊಡುವ ಟಿಜಿ501. ಮೂರನೆಯದು ಸೈನ್ ಅಲೆ ಕೊಡುವ ಎಸ್‌ಜಿ503, ಅದೂ ಅದರ ಕೇಬಲ್ ಸಮೇತ ಒಳ್ಳೆ ಸ್ಥಿತಿಯಲ್ಲಿ ಸಿಕ್ಕರೆ ಮಾತ್ರ. ಈ ಮೂರನ್ನೂ ಬಳಸುತ್ತಾ ಬಂದಿದ್ದೇನೆ, ಬೇರೆ ಕೆಲವನ್ನೂ ನೋಡಿದ್ದೇನೆ. ದುಡ್ಡು ಕಡಿಮೆ ಇರುವವರು ಮೂರನ್ನೂ ಒಟ್ಟಿಗೆ ಕೊಳ್ಳಲು ಹೋಗುವುದು ಬೇಡ ಅನ್ನುವುದೇ ನನ್ನ ಮುಖ್ಯ ಮಾತು.

ಕ್ಯಾಲಿಬ್ರೇಟರ್ ಯಾಕೆ ಬೇಕು? ಸ್ಕೋಪಿನ ಮುಂದೆಯೇ ಕ್ಯಾಲ್ ಅಂತ ಒಂದು ಕೊಂಡಿ ಇದೆ ಅಲ್ವಾ, ಅದರಲ್ಲಿ ಸುಮಾರು 1 ಕಿಲೋಹರ್ಟ್ಜ್ ಚೌಕ ಅಲೆ ಬರುತ್ತದೆ ಅಲ್ವಾ ಅಂತ ಕೇಳುವವರಿದ್ದಾರೆ. ಅದು ಪ್ರೋಬ್ ಹೊಂದಿಸುವುದಕ್ಕೆ ಸಾಕು. ಆದರೆ 465 ತೆಗೆದುಕೊಂಡರೆ ಡಿವಿಷನ್‌ಗೆ (ಪರದೆಯ ಒಂದು ಚೌಕಕ್ಕೆ) 5 ಮಿಲಿವೋಲ್ಟ್‌ನಿಂದ 5 ವೋಲ್ಟ್‌ವರೆಗೆ ರೇಂಜುಗಳಿವೆ. ಪ್ರತಿ ರೇಂಜಿಗೂ ತಕ್ಕ ಸಿಗ್ನಲ್ ಬೇಕು. ಒಂದೇ ಅಳತೆಯ ಚೌಕ ಅಲೆ ಇಟ್ಟುಕೊಂಡು ಅಷ್ಟೂ ರೇಂಜು ನೋಡುವುದಕ್ಕಾಗುವುದಿಲ್ಲ. ತಕ್ಕಡಿ ಸರಿಯಿದೆಯಾ ಅಂತ ನೋಡಲು ಒಂದೇ ಒಂದು ತೂಕದ ಕಲ್ಲು ಸಾಲದು, ಚಿಕ್ಕದರಿಂದ ದೊಡ್ಡದರ ತನಕ ಪೂರ್ತಿ ಸೆಟ್ ಬೇಕು, ಹಾಗೆ. ಇನ್ನು ಟೈಮ್‌ಬೇಸ್ (ಅಡ್ಡಕ್ಕೆ ಸಮಯದ ಅಳತೆ) ಬೇರೆ, ಬ್ಯಾಂಡ್‌ವಿಡ್ತ್ (ಎಷ್ಟು ಫ್ರೀಕ್ವೆನ್ಸಿಯವರೆಗೆ ಸ್ಕೋಪು ಸರಿಯಾಗಿ ತೋರಿಸುತ್ತದೆ ಅನ್ನುವುದು) ಬೇರೆ, ಚೌಕ ಅಲೆಯ ಮೂಲೆ ಹೇಗೆ ಕಾಣುತ್ತದೆ ಅನ್ನುವುದು ಬೇರೆಯೇ ಕಥೆ. ನನ್ನ ಅನುಭವದಲ್ಲಿ ಕೊನೆಯದೇ ಎಲ್ಲಕ್ಕಿಂತ ಕಷ್ಟ, ಅದಕ್ಕೇ ಪಿಜಿ506 ಮೊದಲು ಬೇಕು ಅನ್ನುತ್ತಿರುವುದು.

ಪಿಜಿ506 ಮಾಡುವ ಕೆಲಸ ಮೂರು. ಮೊದಲನೆಯದು ಸ್ಟ್ಯಾಂಡರ್ಡ್ ಆಂಪ್ಲಿಟ್ಯೂಡ್. 200 ಮೈಕ್ರೋವೋಲ್ಟ್‌ನಿಂದ 100 ವೋಲ್ಟ್‌ವರೆಗೆ, 1-2-5 ಮೆಟ್ಟಿಲುಗಳಲ್ಲಿ (1, 2, 5, 10, 20, 50 ಹೀಗೆ), ಸುಮಾರು 1 ಕಿಲೋಹರ್ಟ್ಜ್ ಚೌಕ ಅಲೆ. ನಿಖರತೆ 0.25%. ಹಳೆ ಸ್ಕೋಪುಗಳ ವರ್ಟಿಕಲ್ (ಎತ್ತರದ, ಅಂದರೆ ವೋಲ್ಟೇಜಿನ) ನಿಖರತೆ ಸಾಮಾನ್ಯವಾಗಿ 3% ಆಸುಪಾಸು, ಅಂದರೆ ಕ್ಯಾಲಿಬ್ರೇಟರ್ ಅದಕ್ಕಿಂತ 12 ಪಟ್ಟು ಬಿಗಿ. ಇದಕ್ಕಿಂತ ಜಾಸ್ತಿ ನಿಖರತೆಗೆ ದುಡ್ಡು ಸುರಿಯುವುದು ವ್ಯರ್ಥ, ಪರದೆಯ ಮೇಲಿನ ಗೆರೆಯ ದಪ್ಪವೇ ಅದನ್ನು ನುಂಗಿಬಿಡುತ್ತದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಅಂದರೆ ಆ ಪುಟ್ಟ ಎಲ್‌ಇಡಿ ಡಿಸ್‌ಪ್ಲೇ. ಅಲೆ ಐದು ಡಿವಿಷನ್ ಇರಬೇಕು, ಆದರೆ ಕೊಂಚ ಕಮ್ಮಿ ಕಾಣುತ್ತಿದೆ ಅಂದುಕೊಳ್ಳಿ. ಎಷ್ಟು ಕಮ್ಮಿ ಅಂತ ಕಣ್ಣಂದಾಜಿನಲ್ಲಿ ಹೇಳುವ ಬದಲು ಕ್ಯಾಲಿಬ್ರೇಟರಿನ ನಾಬ್ ತಿರುಗಿಸಿ ಅಲೆಯನ್ನು ಗೆರೆಗೆ ಸರಿಯಾಗಿ ಕೂರಿಸಿದರೆ ಆಯಿತು. ಸ್ಕೋಪಿನಲ್ಲಿ ಶೇಕಡಾ ಎಷ್ಟು ದೋಷ ಇದೆ ಅಂತ ಅಂಕಿಯೇ ಎದುರಿಗೆ ಬರುತ್ತದೆ. ಎರಡು ಗೆರೆಗಳ ನಡುವಿನ ಜಾಗವನ್ನು ಊಹಿಸುವುದಕ್ಕಿಂತ, ಒಂದು ಗೆರೆಯ ಮೇಲೆ ಅಲೆ ಕೂತಿದೆಯಾ ಇಲ್ಲವಾ ಅಂತ ನೋಡುವುದರಲ್ಲಿ ನಮ್ಮ ಕಣ್ಣು ಬಹಳ ಚುರುಕು. ಈ ಸರಳ ಉಪಾಯ ಯೋಚಿಸಿದವರಿಗೆ ಮನಸಾರೆ ನಮಸ್ಕಾರ. ಟಿಜಿ501ರಲ್ಲೂ ಇದೇ ಏರ್ಪಾಟಿದೆ.

ಎರಡನೆಯದು ಹೈ ಆಂಪ್ಲಿಟ್ಯೂಡ್. ಟರ್ಮಿನೇಟರ್ (ಕೇಬಲ್ ತುದಿಗೆ ಹಾಕುವ 50 ಓಮ್ ರೆಸಿಸ್ಟರ್) ಇಲ್ಲದೆ 60 ವೋಲ್ಟ್‌ವರೆಗೆ ಚೌಕ ಅಲೆ ಕೊಡುತ್ತದೆ. ಇದರ ಬೆಲೆ ಬಹಳ ಜನಕ್ಕೆ ಗೊತ್ತಾಗುವುದು ಅಟೆನ್ಯುಯೇಟರ್ (ಒಳಬರುವ ಸಿಗ್ನಲ್ಲನ್ನು ರೇಂಜಿಗೆ ತಕ್ಕಂತೆ ತಗ್ಗಿಸುವ ಭಾಗ) ಹೊಂದಿಸಲು ಕೂತಾಗಲೇ. ಹಳೆ ಸ್ಕೋಪಿನ ಇನ್‌ಪುಟ್ ಅಟೆನ್ಯುಯೇಟರಿನ ಪ್ರತಿ ಹಂತದಲ್ಲೂ ಪುಟ್ಟ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ) ಕೆಪಾಸಿಟರುಗಳಿರುತ್ತವೆ. ಡಿವಿಷನ್‌ಗೆ 5 ವೋಲ್ಟ್ ರೇಂಜಿನಲ್ಲಿ ಆ ಟ್ರಿಮ್ಮರ್ ಸರಿಯಿದೆಯಾ ಅಂತ ನೋಡಬೇಕಾದರೆ ಐದಾರು ಡಿವಿಷನ್ ಎತ್ತರದ ಅಲೆ ಬೇಕು, ಅಂದರೆ 25ರಿಂದ 30 ವೋಲ್ಟ್‌ನ ಶುದ್ಧ ಚೌಕ ಅಲೆ. ಮಾಮೂಲಿ ಫಂಕ್ಷನ್ ಜನರೇಟರ್ 10 ಅಥವಾ 20 ವೋಲ್ಟ್‌ಗೇ ಸುಸ್ತಾಗುತ್ತದೆ. ಇವತ್ತು ಹೊಸದಾಗಿ ಸಿಗುವ ಪುಟ್ಟ ಫಾಸ್ಟ್ ಪಲ್ಸ್ ಜನರೇಟರುಗಳಂತೂ ಈ ಕೆಲಸದ ಹತ್ತಿರವೂ ಬರುವುದಿಲ್ಲ.

ಮೂರನೆಯದು ಫಾಸ್ಟ್ ರೈಸ್. 50 ಓಮ್‌ಗೆ 1 ವೋಲ್ಟ್‌ವರೆಗೆ, ರೈಸ್ ಟೈಮ್ (ಅಂಚು ಕೆಳಗಿನಿಂದ ಮೇಲಕ್ಕೆ ಏರಲು ಹಿಡಿಯುವ ಸಮಯ) 1 ನ್ಯಾನೋಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ. ಏರುವ ಅಂಚಿಗೆ ಒಂದು, ಇಳಿಯುವ ಅಂಚಿಗೆ ಒಂದು, ಹೀಗೆ ಎರಡು ಔಟ್‌ಪುಟ್ ಇವೆ. ಇಲ್ಲಿ ನಿಮ್ಮ ಸ್ಕೋಪು ಯಾವುದು ಅನ್ನುವುದು ತುಂಬಾ ಮುಖ್ಯ. ಬ್ಯಾಂಡ್‌ವಿಡ್ತ್‌ನಿಂದ 0.35ನ್ನು ಭಾಗಿಸಿದರೆ ಸ್ಕೋಪಿನ ರೈಸ್ ಟೈಮ್ ಸಿಗುತ್ತದೆ ಅನ್ನುವುದು ಹಳೆ ಲೆಕ್ಕ. 100 ಮೆಗಾಹರ್ಟ್ಜ್‌ನ 465ಕ್ಕೆ ಅದು 3.5 ನ್ಯಾನೋಸೆಕೆಂಡ್. 200 ಮೆಗಾಹರ್ಟ್ಜ್‌ನ 475ಕ್ಕೆ 1.75. 350 ಮೆಗಾಹರ್ಟ್ಜ್‌ನ 485ಕ್ಕೆ ಸರಿಯಾಗಿ 1. ಪರದೆಯ ಮೇಲೆ ಕಾಣುವುದು ಪಲ್ಸಿನ ರೈಸ್ ಟೈಮು, ಸ್ಕೋಪಿನ ರೈಸ್ ಟೈಮು ಎರಡೂ ಸೇರಿದ್ದು. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಹಾಗೆ ಮಾಡಿದರೆ 465ರಲ್ಲಿ 3.64 ಕಾಣಬೇಕು, ಅಂದರೆ ಪಲ್ಸಿನ ಪಾಲು ಲೆಕ್ಕಕ್ಕೇ ಇಲ್ಲ. 475ರಲ್ಲಿ 2.0 ಕಾಣುತ್ತದೆ, ಲೆಕ್ಕ ಹಾಕಿ ಕಳೆದುಕೊಂಡರೆ ಸಾಕು. 485ರಲ್ಲಿ 1.4 ಕಾಣುತ್ತದೆ, ಅಲ್ಲಿಗೆ ಪಿಜಿ506ರ ಆಟ ಮುಗಿಯಿತು. ಅದರಾಚೆಗೆ ಇನ್ನೂ ಚುರುಕಾದ ಅಂಚು ಬೇಕು.

ಹಾಗಾಗಿ ನಿಮ್ಮದು 465 ಅಥವಾ ಅದಕ್ಕಿಂತ ಹಳೆಯದಾದರೆ ಕಣ್ಣು ಮುಚ್ಚಿ ಪಿಜಿ506 ತೆಗೆದುಕೊಳ್ಳಬಹುದು. 475ಕ್ಕೂ ಸಾಕು. 485, 7904, 2465 ಇಂಥವು ಇದ್ದರೆ ಪಿಜಿ506ಗೆ ಜೋಡಿಸುವ ಟನಲ್ ಡಯೋಡ್ ಪಲ್ಸರ್ ಅಂತ ಒಂದು ಪುಟ್ಟ ಡಬ್ಬಿ ಬರುತ್ತದೆ, ಪಾರ್ಟ್ ನಂಬರ್ 067-0681-01, ಅದನ್ನು ಹುಡುಕಬೇಕು. ಪಿಜಿ506ರ ಹೈ ಆಂಪ್ಲಿಟ್ಯೂಡ್ ಔಟ್‌ಪುಟ್ಟೇ ಅದನ್ನು ನಡೆಸುತ್ತದೆ, ಅಂಚು 125 ಪಿಕೋಸೆಕೆಂಡಿಗೆ ಇಳಿಯುತ್ತದೆ. ಆದರೆ ಒಳಗಿನ ಟನಲ್ ಡಯೋಡ್ ಬಹಳ ನಾಜೂಕು. ಯಾರೋ ಜಾಸ್ತಿ ವೋಲ್ಟೇಜ್ ಕೊಟ್ಟು ಸುಟ್ಟಿರುವ ಡಬ್ಬಿಗಳೂ ಮಾರಾಟಕ್ಕೆ ಬರುತ್ತವೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪರದೆಯ ಮೇಲೆ ಅಂಚು ತೋರಿಸುವ ಫೋಟೋ ಕೇಳದೆ ಇದನ್ನು ಕೊಳ್ಳಬೇಡಿ.

ಟನಲ್ ಡಯೋಡ್ ಸಿಗದಿದ್ದರೆ ಕೊರಗುವುದು ಬೇಡ. ಲಿಯೋ ಬೋಡ್ನರ್ ಹೆಸರಿನಲ್ಲಿ ಬರುವ ಪುಟ್ಟ ಪಲ್ಸ್ ಜನರೇಟರ್ 40 ಪಿಕೋಸೆಕೆಂಡಿಗಿಂತ ಚುರುಕಾದ ಅಂಚು ಕೊಡುತ್ತದೆ. ಇಲ್ಲವೇ 2ಎನ್2369 ಟ್ರಾನ್ಸಿಸ್ಟರನ್ನು ಅವಲಾಂಚ್ ಮೋಡಿನಲ್ಲಿ ಓಡಿಸುವ ಪ್ರಸಿದ್ಧ ಸರ್ಕ್ಯೂಟನ್ನು ನೀವೇ ಕಟ್ಟಬಹುದು, ಸುಮಾರು 90 ವೋಲ್ಟ್ ಕೊಟ್ಟರೆ 350 ಪಿಕೋಸೆಕೆಂಡ್ ಆಸುಪಾಸಿನ ಅಂಚು ಬರುತ್ತದೆ. ಆದರೆ ಇದು ರೈಸ್ ಟೈಮ್ ಅಳೆಯಲು ಮಾತ್ರ ಸರಿ. ಅವಲಾಂಚ್ ಪಲ್ಸ್ ಸಾಮಾನ್ಯವಾಗಿ ಕಿರಿದಾಗಿರುತ್ತದೆ, ಮೇಲೇರಿದ ಮೇಲೆ ಸಮತಟ್ಟಾಗಿ ನಿಲ್ಲುವುದಿಲ್ಲ. ಸ್ಕೋಪ್ ಹೊಂದಿಸಲು ನಮಗೆ ಬೇಕಾದ್ದು ಆ ಸಮತಟ್ಟು ಭಾಗ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ಆಯ್ಕೆ ಇದರ ಮೇಲೆಯೇ ನಿಂತಿದೆ. 475 ತೆರೆದು ಕೂತಿದ್ದೀರಿ ಅಂದುಕೊಳ್ಳಿ. ಪಿಜಿ506ರ ಫಾಸ್ಟ್ ರೈಸ್ ಔಟ್‌ಪುಟ್ಟಿನಿಂದ 50 ಓಮ್ ಕೇಬಲ್, ಸ್ಕೋಪಿನ ಇನ್‌ಪುಟ್ಟಿನಲ್ಲಿ 50 ಓಮ್ ಟರ್ಮಿನೇಟರ್, ಅಲೆಯ ಎತ್ತರ ಐದು ಡಿವಿಷನ್. ಸ್ವೀಪ್ (ಪರದೆಯ ಅಡ್ಡಕ್ಕೆ ಗೆರೆಯ ಓಟ) ನಿಧಾನವಾಗಿ ಇಟ್ಟು ನೋಡಿದರೆ ಚೌಕ ಅಲೆಯ ತಲೆ ಒಂದು ಕಡೆಗೆ ಜಾರಿದಂತೆ ಕಾಣಬಹುದು. ಸ್ವೀಪ್ ವೇಗ ಹೆಚ್ಚಿಸುತ್ತಾ ಹೋದಂತೆ ಮೂಲೆಯ ಹತ್ತಿರ ಒಂದು ಸಣ್ಣ ಗೂನು. ಇನ್ನೂ ಹೆಚ್ಚಿಸಿದರೆ ಮೂಲೆಯಲ್ಲೇ ಒಂದು ಚೂಪಾದ ಕೊಂಬು, ಅದರ ಹಿಂದೆಯೇ ಒಂದೆರಡು ಸಣ್ಣ ಅಲುಗಾಟ. ಇವು ಬೇರೆ ಬೇರೆ ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್) ಜಾಲಗಳ ಕೆಲಸ. ಪ್ರತಿಯೊಂದಕ್ಕೂ ಅದರದೇ ಟೈಮ್ ಕಾನ್‌ಸ್ಟಂಟ್, ಅದರದೇ ಟ್ರಿಮ್ಮರ್. ನಿಧಾನದ್ದನ್ನು ಮೊದಲು ಹೊಂದಿಸಿ, ಆಮೇಲೆ ವೇಗದ್ದಕ್ಕೆ ಬರಬೇಕು. ಒಂದನ್ನು ಮುಟ್ಟಿದರೆ ಪಕ್ಕದ್ದೂ ಸ್ವಲ್ಪ ಅಲುಗುತ್ತದೆ, ಮತ್ತೆ ಹಿಂದೆ ಹೋಗಿ ನೋಡಬೇಕು. ಈಗ ಯೋಚಿಸಿ, ಪಲ್ಸ್ ಜನರೇಟರಿನ ತಲೆಯೇ ಸೊಟ್ಟಗಿದ್ದರೆ? ನೀವು ಸ್ಕೋಪಿನ ಟ್ರಿಮ್ಮರ್ ತಿರುಗಿಸಿ ಆ ಸೊಟ್ಟನ್ನು ಸರಿಪಡಿಸುತ್ತೀರಿ. ಪರದೆಯ ಮೇಲೆ ಚೆಂದದ ಚೌಕ ಕಾಣುತ್ತದೆ, ಸ್ಕೋಪ್ ಮಾತ್ರ ಹಾಳಾಯಿತು. ಅದಕ್ಕೇ ಅಗ್ಗದ ಲಾಜಿಕ್ ಐಸಿಯಿಂದ ಮಾಡಿದ ಚೌಕ ಅಲೆ ಇಟ್ಟುಕೊಂಡು ಈ ಟ್ರಿಮ್ಮರುಗಳಿಗೆ ಕೈ ಹಾಕಬೇಡಿ. ಅದರ ಅಂಚು ಚುರುಕಾಗಿರಬಹುದು, ತಲೆ ನಂಬುವ ಹಾಗಿರುವುದಿಲ್ಲ.

ಇನ್ನು ಟಿಜಿ501. ಇದು ಟೈಮ್ ಮಾರ್ಕ್ ಜನರೇಟರ್, 1 ನ್ಯಾನೋಸೆಕೆಂಡಿನಿಂದ 5 ಸೆಕೆಂಡಿನವರೆಗೆ 1-2-5 ಮೆಟ್ಟಿಲಲ್ಲಿ ಗುರುತುಗಳನ್ನು ಕೊಡುತ್ತದೆ. ಸ್ಕೋಪಿನ ಟೈಮ್‌ಬೇಸ್ ಸ್ವಿಚ್ ಕೂಡ 1-2-5ರಲ್ಲೇ ಇರುವುದರಿಂದ ಎರಡನ್ನೂ ಜೊತೆಜೊತೆಗೆ ತಿರುಗಿಸುತ್ತಾ ಹೋದರೆ ಪ್ರತಿ ಡಿವಿಷನ್‌ಗೆ ಒಂದು ಗುರುತು ಬೀಳುತ್ತಾ ಹೋಗಬೇಕು. ಎರಡನೇ ಗೆರೆಗೆ ಒಂದು ಗುರುತು ಕೂರಿಸಿ ಹತ್ತನೇ ಗೆರೆ ನೋಡುವುದು ಪದ್ಧತಿ. ಕೆಲಸ ಸರಾಗ, ಕೂತರೆ ಏಳುವ ಹೊತ್ತಿಗೆ ಇಡೀ ಟೈಮ್‌ಬೇಸ್ ಮುಗಿದಿರುತ್ತದೆ.

ಹಾಗಾದರೆ ಎರಡನೇ ಸ್ಥಾನ ಯಾಕೆ? ಸಮಯದ ಅಳತೆಗೆ ಬದಲಿ ದಾರಿ ಬಹಳ ಇವೆ. ಒಂದು ಸಾಧಾರಣ ಕ್ರಿಸ್ಟಲ್ ಆಸಿಲೇಟರ್, ಅದರ ಮುಂದೆ ಹತ್ತರಿಂದ ಭಾಗಿಸುವ ಒಂದೆರಡು ಐಸಿ, ಇಷ್ಟಿದ್ದರೆ ಬಹುಪಾಲು ರೇಂಜುಗಳನ್ನು ನೋಡಬಹುದು. ಕ್ರಿಸ್ಟಲ್ ನೂರು ಪಿಪಿಎಂ (ಹತ್ತು ಲಕ್ಷದಲ್ಲಿ ನೂರು ಪಾಲು) ಆಚೀಚೆ ಹೋದರೂ ಅದು 0.01% ಮಾತ್ರ, ಸ್ಕೋಪಿನ ಟೈಮ್‌ಬೇಸ್ 2-3%ದ್ದು. ಜಿಪಿಎಸ್‌ಗೆ ಕಟ್ಟಿದ 10 ಮೆಗಾಹರ್ಟ್ಜ್ ಆಸಿಲೇಟರ್ ಬೇಕೇ ಬೇಕು ಅನ್ನುವವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ, ಈ ಕೆಲಸಕ್ಕೆ ಅದು ಅತಿಯಾಯಿತು. ಇದ್ದರೆ ಬಳಸಿ, ಇಲ್ಲದಿದ್ದರೆ ಸುಮ್ನೆ ಅದಕ್ಕಾಗಿ ಕೊಳ್ಳಬೇಡಿ. ಟಿಜಿ501ರ ನಿಜವಾದ ಲಾಭ ಅನುಕೂಲ, ಮತ್ತೆ ಆ ಶೇಕಡಾ ಡಿಸ್‌ಪ್ಲೇ. ಜೊತೆಗೆ 5 ನ್ಯಾನೋಸೆಕೆಂಡ್, 2 ನ್ಯಾನೋಸೆಕೆಂಡ್‌ನಂಥ ವೇಗದ ಗುರುತುಗಳು. ಅವನ್ನು ಮನೆಯಲ್ಲಿ ಕಟ್ಟುವುದು ಸುಲಭ ಅಲ್ಲ, ಸ್ಕೋಪಿನ ಹತ್ತು ಪಟ್ಟು ಮ್ಯಾಗ್ನಿಫೈಯರ್ ಹಾಕಿದಾಗ ಸ್ವೀಪ್ ನೇರವಾಗಿದೆಯಾ ಅಂತ ನೋಡಲು ಅವೇ ಬೇಕು.

ಎಸ್‌ಜಿ503 ಬಗ್ಗೆ ನನ್ನ ಅಭಿಪ್ರಾಯ ಎರಡು ಬಗೆ. ಉಪಕರಣ ಒಳ್ಳೆಯದೇ. 250 ಕಿಲೋಹರ್ಟ್ಜ್‌ನಿಂದ 250 ಮೆಗಾಹರ್ಟ್ಜ್‌ವರೆಗೆ ಸೈನ್ ಅಲೆ, ಫ್ರೀಕ್ವೆನ್ಸಿ ಬದಲಾಯಿಸಿದರೂ ಎತ್ತರ ಒಂದೇ ಇರುತ್ತದೆ. 50 ಕಿಲೋಹರ್ಟ್ಜ್‌ನ ರೆಫರೆನ್ಸ್ ಇದೆ. ಅದರಲ್ಲಿ ಆರು ಡಿವಿಷನ್ ಇಟ್ಟುಕೊಂಡು ಫ್ರೀಕ್ವೆನ್ಸಿ ಏರಿಸುತ್ತಾ ಹೋಗಿ ಅಲೆ 4.2 ಡಿವಿಷನ್‌ಗೆ ಕುಗ್ಗಿದ ಜಾಗವೇ ನಿಮ್ಮ ಸ್ಕೋಪಿನ ಬ್ಯಾಂಡ್‌ವಿಡ್ತ್. ಒಂದು ನಿಮಿಷದ ಕೆಲಸ. ಆದರೆ ಆ ಸಮತೆ ಸಿಗುವುದು ಅದರ ಜೊತೆ ಬಂದ 012-0482-00 ಅನ್ನುವ 50 ಓಮ್ ಕೇಬಲ್ ಹಾಕಿದಾಗ. ಮಾರುವವರ ಬಳಿ ಆ ಕೇಬಲ್ ಇರುವುದು ಅಪರೂಪ. ಸಿಕ್ಕಸಿಕ್ಕ ಬಿಎನ್‌ಸಿ ಕೇಬಲ್ ಹಾಕಿದರೆ 200 ಮೆಗಾಹರ್ಟ್ಜ್ ಹತ್ತಿರ ಸ್ಕೋಪ್ ಬಿದ್ದಿತೋ ಕೇಬಲ್ ಬಿದ್ದಿತೋ ಅನ್ನುವ ಅನುಮಾನ ಉಳಿಯುತ್ತದೆ. ಇನ್ನೊಂದು, ರೈಸ್ ಟೈಮ್ ಸರಿಯಿದ್ದು ತಲೆ ಸಮತಟ್ಟಾಗಿದ್ದರೆ ಬ್ಯಾಂಡ್‌ವಿಡ್ತ್ ಬಹುಪಾಲು ಸರಿಯೇ ಇರುತ್ತದೆ. ಆದ್ದರಿಂದ ಪಿಜಿ506 ಇದ್ದವರಿಗೆ ಎಸ್‌ಜಿ503 ಖಾತ್ರಿ ಮಾಡಿಕೊಳ್ಳುವ ಸಾಧನ ಅಷ್ಟೆ. 300 ಮೆಗಾಹರ್ಟ್ಜ್‌ನ 2465 ಇದ್ದವರಿಗಂತೂ ಇದು ಸಾಲುವುದೇ ಇಲ್ಲ. ಅವರಿಗೆ ಬೇಕಾದ್ದು 1050 ಮೆಗಾಹರ್ಟ್ಜ್‌ವರೆಗೆ ಹೋಗುವ ಎಸ್‌ಜಿ504. ಅದಕ್ಕೆ ಹೊರಗಿನ ಲೆವೆಲಿಂಗ್ ಹೆಡ್ ಅಂತ ಒಂದು ಬರುತ್ತದೆ, ಅದು ಇಲ್ಲದ ಎಸ್‌ಜಿ504 ಎಷ್ಟೇ ಅಗ್ಗಕ್ಕೆ ಬಂದರೂ ಬೇಡ.

ಈ ಎಲ್ಲವೂ ಪ್ಲಗ್-ಇನ್‌ಗಳು, ಒಂಟಿಯಾಗಿ ಓಡುವುದಿಲ್ಲ. ಟಿಎಂ500 ಸರಣಿಯ ಮೇನ್‌ಫ್ರೇಮ್, ಅಂದರೆ ಇವನ್ನು ಕೂರಿಸಿ ಪವರ್ ಕೊಡುವ ಪೆಟ್ಟಿಗೆ ಬೇಕು. ಟಿಜಿ501 ಒಂದು ಜಾಗ ತೆಗೆದುಕೊಳ್ಳುತ್ತದೆ, ಪಿಜಿ506 ಎರಡು. ಮೂರು ಜಾಗದ ಟಿಎಂ503ರಲ್ಲಿ ಪಿಜಿ506, ಟಿಜಿ501 ಸರಿಯಾಗಿ ಕೂರುತ್ತವೆ. ನನ್ನ ಪ್ರಕಾರ ಬಜೆಟ್ ನೋಡಿಕೊಳ್ಳುವವರಿಗೆ ಇದೇ ಸರಿಯಾದ ಜೋಡಿ, ಬೆಂಚಿನ ಮೇಲೆ ಜಾಗವೂ ಕಡಿಮೆ ಸಾಕು. ಮೂರೂ ಬೇಕೆಂದರೆ ಐದು ಜಾಗದ ಟಿಎಂ515 ಅಥವಾ ಆರು ಜಾಗದ ಟಿಎಂ506. ಟಿಎಂ5000 ಸರಣಿಯ ಮೇನ್‌ಫ್ರೇಮ್ ಸಿಕ್ಕರೂ ಈ ಪ್ಲಗ್-ಇನ್‌ಗಳು ಅದರಲ್ಲಿ ಓಡುತ್ತವೆ. ಆದರೆ ಟಿಎಂ5000ದ ಪ್ಲಗ್-ಇನ್‌ಗಳು ಟಿಎಂ500ರಲ್ಲಿ ಓಡುವುದಿಲ್ಲ, ಇದನ್ನು ನೆನಪಿಡಿ.

ಮೇನ್‌ಫ್ರೇಮ್ ಅಂದರೆ ಬರೀ ಡಬ್ಬಿ, ಯಾವುದಾದರೂ ಆದೀತು ಅಂತ ಅಂದುಕೊಳ್ಳುವವರು ಜಾಸ್ತಿ. ಹಾಗಲ್ಲ. ಟಿಎಂ500 ವಿನ್ಯಾಸದಲ್ಲಿ ಒಂದು ವಿಶೇಷ ಇದೆ. ಪ್ಲಗ್-ಇನ್‌ನ ರೆಗ್ಯುಲೇಟರಿಗೆ ಬೇಕಾದ ದೊಡ್ಡ ಪಾಸ್ ಟ್ರಾನ್ಸಿಸ್ಟರುಗಳು (ಕರೆಂಟು ಹೊತ್ತು ನಿಯಂತ್ರಿಸುವಂಥವು) ಪ್ಲಗ್-ಇನ್ ಒಳಗಿಲ್ಲ, ಮೇನ್‌ಫ್ರೇಮಿನಲ್ಲಿವೆ. ಪ್ರತಿ ಜಾಗಕ್ಕೂ ಒಂದು ಎನ್‌ಪಿಎನ್, ಒಂದು ಪಿಎನ್‌ಪಿ. ಅವು ಬಿಸಿಯಾಗುವ ವಸ್ತುಗಳು, ಲೋಹದ ಚೌಕಟ್ಟಿಗೆ ಅಂಟಿಕೊಂಡಿರಲಿ ಅನ್ನುವ ಲೆಕ್ಕಾಚಾರ. ಇದರ ಪರಿಣಾಮ ಏನೆಂದರೆ ಮೇನ್‌ಫ್ರೇಮಿನ ಒಂದು ಟ್ರಾನ್ಸಿಸ್ಟರ್ ಕೆಟ್ಟರೆ ಒಳ್ಳೆ ಪಿಜಿ506 ಕೂಡ ಸತ್ತ ಹಾಗೆ ಕಾಣುತ್ತದೆ. ಪ್ಲಗ್-ಇನ್‌ ಕೆಟ್ಟಿದೆ ಅಂತ ಅಗ್ಗಕ್ಕೆ ಮಾರಾಟಕ್ಕೆ ಬಂದದ್ದನ್ನು ಬೇರೆ ಜಾಗಕ್ಕೆ ಹಾಕಿದ ಕೂಡಲೇ ಓಡಿದ್ದನ್ನು ನೋಡಿದ್ದೇನೆ. ಹಾಗಂತ ಕೆಟ್ಟಿದ್ದೆಲ್ಲ ಹೀಗೇ ಅಂತ ನಂಬಿ ಕೊಳ್ಳಬೇಡಿ. ನಿಮ್ಮ ಕೈಗೆ ಬಂದದ್ದು ಓಡದಿದ್ದರೆ ಮೊದಲು ಇನ್ನೊಂದು ಜಾಗದಲ್ಲಿ ಹಾಕಿ ನೋಡಿ ಅಂತ ಹೇಳುತ್ತಿದ್ದೇನೆ ಅಷ್ಟೆ. ಮೇನ್‌ಫ್ರೇಮಿನ ಹಿಂದೆಯೋ ಒಳಗೋ ಲೈನ್ ವೋಲ್ಟೇಜಿನ ಜೋಡಣೆ ನಿಮ್ಮಲ್ಲಿ ಬರುವ ಕರೆಂಟಿಗೆ ಸರಿಯಿದೆಯಾ ಅಂತ ಪ್ಲಗ್ ಹಾಕುವ ಮೊದಲೇ ನೋಡಬೇಕು. 120 ವೋಲ್ಟ್‌ಗೆ ಹೊಂದಿಸಿದ್ದನ್ನು 230ಕ್ಕೆ ಚುಚ್ಚಿದರೆ ಮುಗಿಯಿತು.

ಕೊಳ್ಳುವಾಗ ಏನು ನೋಡಬೇಕು? ಮಾರುವವರು ಬರೆಯುವ "ಪವರ್ ಆನ್ ಆಗುತ್ತದೆ" ಅನ್ನುವ ಮಾತಿಗೆ ಬೆಲೆಯೇ ಇಲ್ಲ. ಪಿಜಿ506ರ ಲೈಟು ಹತ್ತಿದರೂ ಫಾಸ್ಟ್ ರೈಸ್ ಸತ್ತಿರಬಹುದು. ನಾನು ಯಾವಾಗಲೂ ಕೇಳುವುದು ಸ್ಕೋಪಿಗೆ ಕಟ್ಟಿದ ಫೋಟೋ. ಫಾಸ್ಟ್ ರೈಸ್‌ನ ಎರಡು ಔಟ್‌ಪುಟ್ಟೂ ಬೇರೆ ಬೇರೆಯಾಗಿ, ಹೈ ಆಂಪ್ಲಿಟ್ಯೂಡ್ ಒಂದು, ಸ್ಟ್ಯಾಂಡರ್ಡ್ ಆಂಪ್ಲಿಟ್ಯೂಡಿನಲ್ಲಿ 100 ವೋಲ್ಟ್ ಒಂದು, 1 ವೋಲ್ಟ್ ಒಂದು, ಕೆಲವು ಮಿಲಿವೋಲ್ಟ್ ಒಂದು. 100 ವೋಲ್ಟ್ ಬಂದರೆ ಒಳಗಿನ ಹೈ ವೋಲ್ಟೇಜ್ ಸಪ್ಲೈ ಬದುಕಿದೆ ಅಂತ ಗೊತ್ತಾಗುತ್ತದೆ. ಮಾರುವವರು ತಾಳ್ಮೆಯಿಂದ ಇಷ್ಟು ಕಳಿಸಿದರೆ ಬೆಲೆ ತುಸು ಜಾಸ್ತಿ ಇದ್ದರೂ ಅವರ ಹತ್ತಿರವೇ ಕೊಳ್ಳುತ್ತೇನೆ. ಫೋಟೋ ಕಳಿಸಲು ಒಪ್ಪದವರದ್ದನ್ನು ಕೆಟ್ಟದ್ದು ಅಂತಲೇ ಲೆಕ್ಕ ಹಾಕಿ ಬೆಲೆ ಕಟ್ಟುತ್ತೇನೆ.

ಕ್ಯಾಲಿಬ್ರೇಷನ್ ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ಹದಿನೈದು ವರ್ಷದ ಹಿಂದಿನ ಸ್ಟಿಕ್ಕರ್ ಹೇಳುವುದು ಇಷ್ಟೇ, ಆಗ ಇದು ಯಾವುದೋ ಲ್ಯಾಬಿನಲ್ಲಿ ಕೆಲಸ ಮಾಡುತ್ತಿತ್ತು. ಆದರೆ ಟ್ರಿಮ್ಮರುಗಳ ಮೇಲಿನ ಸೀಲ್ ಒಡೆಯದೆ ಇದ್ದರೆ ಅದು ಒಳ್ಳೆ ಸುದ್ದಿ, ಆಮೇಲೆ ಯಾರೂ ಒಳಗೆ ಸ್ಕ್ರೂಡ್ರೈವರ್ ಆಡಿಸಿಲ್ಲ. ಈಗ ಹೊಸದಾಗಿ ಸರ್ಟಿಫಿಕೇಟ್ ಮಾಡಿಸಿ ಕೊಡುತ್ತೇವೆ ಅಂತ ಜಾಸ್ತಿ ಕೇಳುವವರಿಗೂ ಹವ್ಯಾಸಿಗಳು ದುಡ್ಡು ಕೊಡಬೇಕಿಲ್ಲ.

ಕೈಗೆ ಬಂದ ಮೇಲೆ ಪಿಜಿ506 ಸರಿಯಿದೆಯಾ ಅಂತ ನೋಡಲು ದೊಡ್ಡ ಲ್ಯಾಬ್ ಬೇಡ. ಸ್ಕೋಪಿನ ಒಂದು ಚಾನೆಲ್‌ಗೆ ಕಟ್ಟಿ, 20 ಮಿಲಿವೋಲ್ಟ್‌ನಿಂದ ಶುರು ಮಾಡಿ, ಕ್ಯಾಲಿಬ್ರೇಟರನ್ನು, ಸ್ಕೋಪಿನ ರೇಂಜನ್ನು ಒಟ್ಟೊಟ್ಟಿಗೆ ಒಂದೊಂದು ಮೆಟ್ಟಿಲು ಏರಿಸುತ್ತಾ ಬನ್ನಿ. ಅಲೆಯ ಎತ್ತರ ಪ್ರತಿ ಮೆಟ್ಟಿಲಲ್ಲೂ ಲೆಕ್ಕಕ್ಕೆ ತಕ್ಕಂತೆ ಸರಿಯಾಗಿ ನಾಲ್ಕು ಅಥವಾ ಐದು ಡಿವಿಷನ್ ಇರಬೇಕು. ಎಲ್ಲೋ ಒಂದು ಕಡೆ ಹಾರಿತು ಅಂದುಕೊಳ್ಳಿ. ತಪ್ಪು ಸ್ಕೋಪಿನದಾ ಕ್ಯಾಲಿಬ್ರೇಟರಿನದಾ? ಎರಡನೇ ಚಾನೆಲ್‌ಗೆ ಕಟ್ಟಿ ಅದೇ ಮೆಟ್ಟಿಲು ನೋಡಿ. ಅಲ್ಲೂ ಅಷ್ಟೇ ಹಾರಿದರೆ ಕ್ಯಾಲಿಬ್ರೇಟರಿನ ಡಿವೈಡರಿನಲ್ಲಿ ಒಂದು ರೆಸಿಸ್ಟರ್ ಕೆಟ್ಟಿದೆ, ಇಲ್ಲವೇ ಸ್ವಿಚ್ಚಿನ ಕಾಂಟಾಕ್ಟ್ ಕೊಳೆಯಾಗಿದೆ. ಹಾರದಿದ್ದರೆ ಮೊದಲ ಚಾನೆಲ್‌ನ ಅಟೆನ್ಯುಯೇಟರಿನದೇ ತಪ್ಪು. ಒಟ್ಟಾರೆ ಮಟ್ಟ ನೋಡಲು ಒಂದು ಡಿಸಿ ಸಪ್ಲೈ, ಒಂದು ನಂಬಿಕೆಯ ಮಲ್ಟಿಮೀಟರ್ ಸಾಕು. ಮೀಟರಿನಲ್ಲಿ 5.000 ವೋಲ್ಟ್ ಹೊಂದಿಸಿ ಸ್ಕೋಪಿಗೆ ಕೊಟ್ಟು ಗೆರೆ ಎಷ್ಟು ಮೇಲೇರಿತು ಅಂತ ಗುರುತು ಮಾಡಿ, ಆಮೇಲೆ ಪಿಜಿ506ರ 5 ವೋಲ್ಟ್ ಅದೇ ಎತ್ತರಕ್ಕೆ ಬರುತ್ತದಾ ನೋಡಿ. ಶೇಕಡಾ ಒಂದರ ಆಸುಪಾಸಿನಲ್ಲಿ ಇದು ಗಟ್ಟಿ ಪರೀಕ್ಷೆ.

ಹಳೆ ಉಪಕರಣ ಅಂದ ಮೇಲೆ ಒಣಗಿದ ಎಲೆಕ್ಟ್ರೋಲಿಟಿಕ್, ಶಾರ್ಟ್ ಆದ ಟ್ಯಾಂಟಲಮ್ ಇದ್ದೇ ಇರುತ್ತವೆ. ಅವು ಸಣ್ಣ ರಿಪೇರಿ. ಹೆದರಬೇಕಾದ್ದು ಕಂಪನಿ ತಾನೇ ಮಾಡಿಸಿದ ವಿಶೇಷ ಬಿಡಿಭಾಗ ಸುಟ್ಟಾಗ. ಫಾಸ್ಟ್ ರೈಸ್ ಔಟ್‌ಪುಟ್ಟಿಗೆ ಯಾರಾದರೂ ಹೊರಗಿನಿಂದ ವೋಲ್ಟೇಜ್ ಕೊಟ್ಟಿದ್ದರೆ, ಎಸ್‌ಜಿ503ರ ಕೊನೆಯ ಹಂತ ಹೋಗಿದ್ದರೆ, ಬದಲಿಗೆ ಹಾಕಲು ಇನ್ನೊಂದು ಕೆಟ್ಟ ಯೂನಿಟ್ ಹುಡುಕಬೇಕಾಗುತ್ತದೆ. ಎಸ್‌ಜಿ503 ಬಂದರೆ ಎಲ್ಲಾ ಬ್ಯಾಂಡುಗಳನ್ನೂ ತುದಿಯಿಂದ ತುದಿಗೆ ತಿರುಗಿಸಿ ನೋಡಿ. ಒಂದು ಬ್ಯಾಂಡಿನಲ್ಲಿ ಮಾತ್ರ ಎತ್ತರ ಕುಸಿಯುವುದು, ಇಲ್ಲ ಡಿಸ್‌ಪ್ಲೇ ಅಂಕಿ ಒದ್ದಾಡುವುದು ಕಂಡರೆ ಹಿಂದಿರುಗಿಸುವುದು ವಾಸಿ.

ಬೇರೆ ಆಯ್ಕೆಗಳ ಬಗ್ಗೆ ಚುಟುಕಾಗಿ. ಇನ್ನೂ ಹಳೆಯ ಟೈಪ್ 106 ಚೌಕ ಅಲೆ ಜನರೇಟರ್, ಟೈಪ್ 184 ಟೈಮ್ ಮಾರ್ಕ್, ಟೈಪ್ 191 ಸೈನ್ ಅಲೆ, ಈ ಮೂರೂ ತಮ್ಮದೇ ಪವರ್ ಸಪ್ಲೈ ಇರುವ ಗಟ್ಟಿ ಡಬ್ಬಿಗಳು. ಟೈಪ್ 106 ಕೂಡ 1 ನ್ಯಾನೋಸೆಕೆಂಡ್ ಅಂಚು ಕೊಡುತ್ತದೆ. 545ನಂಥ ವಾಲ್ವ್ ಸ್ಕೋಪ್ ಇಟ್ಟುಕೊಂಡವರಿಗೆ ಬ್ಯಾಂಡ್‌ವಿಡ್ತ್ 30 ಮೆಗಾಹರ್ಟ್ಜ್ ಆಸುಪಾಸು, ರೈಸ್ ಟೈಮ್ ಸುಮಾರು 12 ನ್ಯಾನೋಸೆಕೆಂಡ್, ಅವರಿಗೆ ಇದು ಧಾರಾಳ. ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ. ಆದರೆ ಶೇಕಡಾ ಡಿಸ್‌ಪ್ಲೇ ಇಲ್ಲ, ಜಾಗ ಜಾಸ್ತಿ ಬೇಕು. ಬಹುಪಾಲು ಕೆಲಸ ಒಂದರಲ್ಲೇ ಮಾಡುವ ಸಿಜಿ5001, ಸಿಜಿ551ಎಪಿ ನೋಡಲು ಆಸೆ ಹುಟ್ಟಿಸುತ್ತವೆ, ಆದರೆ ಚುರುಕಾದ ಅಂಚು ಅವುಗಳ ಹೊರಗಿನ ಪಲ್ಸ್ ಹೆಡ್‌ನಿಂದ ಬರಬೇಕು, ಆ ಹೆಡ್ ಕಳೆದುಹೋಗಿರುವುದೇ ಜಾಸ್ತಿ. ಫ್ಲೂಕ್ 5500ಎಗೆ ಸ್ಕೋಪ್ ಆಪ್ಷನ್ ಹಾಕಿದ್ದು, ವೇವ್‌ಟೆಕ್ 9500, ಇವು ವೃತ್ತಿಯ ಲ್ಯಾಬುಗಳಿಗೆ ಸರಿ. 9500ದಲ್ಲೂ ಸಿಗ್ನಲ್ ಹೊರಬರುವುದು ಆಕ್ಟಿವ್ ಹೆಡ್ ಮೂಲಕವೇ, ಹೆಡ್ ಇಲ್ಲದ ಪೆಟ್ಟಿಗೆ ನಿಮಗೆ ಯಾವ ಉಪಯೋಗಕ್ಕೂ ಬರುವುದಿಲ್ಲ.

ಹಳೆ ಪ್ಲಗ್-ಇನ್‌ಗಳ ಇನ್ನೊಂದು ಲಾಭ ಹೇಳಲೇಬೇಕು. 2465ನಂಥ ಆ ಕಾಲದ ಟೆಕ್ಟ್ರಾನಿಕ್ಸ್ ಸ್ಕೋಪುಗಳ ಸರ್ವಿಸ್ ಮ್ಯಾನುಯಲ್‌ಗಳು ಬೇಕಾದ ಸಲಕರಣೆ ಅಂತ ಇವುಗಳ ಹೆಸರನ್ನೇ ಕೊಡುತ್ತವೆ. ಪಿಜಿ506ರ ಯಾವ ಔಟ್‌ಪುಟ್ಟು, ಎಷ್ಟು ವೋಲ್ಟು, ಮಧ್ಯೆ ಎಷ್ಟು ಓಮಿನ ಟರ್ಮಿನೇಟರು ಅಂತ ಹೆಜ್ಜೆ ಹೆಜ್ಜೆಗೂ ಬರೆದಿರುತ್ತದೆ. ಬೇರೆ ಉಪಕರಣ ಇಟ್ಟುಕೊಂಡವರು ಪ್ರತಿ ಹೆಜ್ಜೆಯಲ್ಲೂ ತರ್ಜುಮೆ ಮಾಡಿಕೊಳ್ಳಬೇಕು, ನೀವು ಓದುತ್ತಾ ಮಾಡುತ್ತಾ ಹೋಗಬಹುದು. ಮೊದಲ ಸಲ ಕೂರುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ.

ಜೊತೆಗೆ ಬೇಕಾದ ಚಿಲ್ಲರೆ ಸಾಮಾನಿಗೂ ಬಜೆಟ್‌ನಲ್ಲಿ ಜಾಗ ಇಡಿ. ಒಳ್ಳೆ 50 ಓಮ್ ಫೀಡ್-ಥ್ರೂ ಟರ್ಮಿನೇಟರ್ ಬೇಕೇ ಬೇಕು. 2 ವ್ಯಾಟಿನ 011-0049-01 ಸಿಕ್ಕರೆ ಅದೇ ಇರಲಿ. ಟೀ ಕನೆಕ್ಟರಿಗೆ 50 ಓಮ್ ಮುಚ್ಚಳ ಸಿಕ್ಕಿಸುವ ಅಭ್ಯಾಸ ವೇಗದ ಅಂಚಿಗೆ ಒಗ್ಗುವುದಿಲ್ಲ, ಮೂಲೆಯಲ್ಲಿ ಅಲುಗಾಟ ಕಾಣಿಸಿಕೊಳ್ಳುತ್ತದೆ. ಅಟೆನ್ಯುಯೇಟರ್ ಹೊಂದಿಸುವವರಿಗೆ ಸ್ಕೋಪಿನ ಇನ್‌ಪುಟ್ ಕೆಪಾಸಿಟೆನ್ಸಿಗೆ ತಕ್ಕ ನಾರ್ಮಲೈಸರ್ (ಮಧ್ಯೆ ಸಿಕ್ಕಿಸುವ ಪುಟ್ಟ ರೆಸಿಸ್ಟರ್-ಕೆಪಾಸಿಟರ್ ಅಡಾಪ್ಟರ್) ಕೂಡ ಬೇಕು, 20 ಪಿಕೋಫ್ಯಾರಡ್‌ನದು ಬಹಳ ಸ್ಕೋಪುಗಳಿಗೆ ಆಗುತ್ತದೆ. ಹೈ ಆಂಪ್ಲಿಟ್ಯೂಡ್ ಅಥವಾ 100 ವೋಲ್ಟ್ ಹಾಕಿದಾಗ ಟರ್ಮಿನೇಟರ್ ತೆಗೆದಿಡಿ. 485, 2465ರಲ್ಲಿ ಒಳಗೇ 50 ಓಮ್ ಇನ್‌ಪುಟ್ ಇದೆ, ಅದನ್ನು 1 ಮೆಗಾಓಮ್‌ಗೆ ಬದಲಿಸಿದ್ದೀರಾ ಅಂತ ಇನ್ನೊಮ್ಮೆ ನೋಡಿ. ಸುಟ್ಟರೆ ಆ ಇನ್‌ಪುಟ್ ಮತ್ತೆ ಸಿಗುವುದು ಕಷ್ಟ.

ಮತ್ತೆ ಒಂದು ವಿಷಯ. ಕ್ಯಾಲಿಬ್ರೇಟರ್ ಕಟ್ಟುವ ಮೊದಲು ಸ್ಕೋಪಿನ ಪವರ್ ಸಪ್ಲೈ ನೋಡಿ. 465ರಲ್ಲಿ 110, 55, 15, 5, ಮೈನಸ್ 8 ವೋಲ್ಟ್‌ಗಳಿವೆ, 55 ವೋಲ್ಟ್ ಉಳಿದವಕ್ಕೆ ಆಧಾರ. ಅದು ತಪ್ಪಿದ್ದರೆ, ಇಲ್ಲ ರಿಪ್ಪಲ್ (ಡಿಸಿ ಮೇಲೆ ಉಳಿಯುವ ಏರಿಳಿತ) ಜಾಸ್ತಿ ಇದ್ದರೆ, ಆಂಪ್ಲಿಫೈಯರ್ ಹೊಂದಿಸಿ ಏನೂ ಪ್ರಯೋಜನ ಇಲ್ಲ. ಸ್ಕೋಪನ್ನೂ ಕ್ಯಾಲಿಬ್ರೇಟರನ್ನೂ ಕನಿಷ್ಠ 20 ನಿಮಿಷ ಬಿಸಿಯಾಗಲು ಬಿಡಿ. ಕ್ಯಾಥೋಡ್ ರೇ ಟ್ಯೂಬಿನ ಸುತ್ತ ಸಾವಿರಾರು ವೋಲ್ಟ್ ಇರುತ್ತದೆ, ಆ ಕಡೆ ಕೈ ಹೋಗಬಾರದು. ಟ್ರಿಮ್ಮರ್ ತಿರುಗಿಸಲು ಲೋಹದ ಸ್ಕ್ರೂಡ್ರೈವರ್ ಬೇಡ, ಪ್ಲಾಸ್ಟಿಕ್‌ನದು ಬಳಸಿ, ಲೋಹದ್ದಾದರೆ ತಾಗಿಸಿದ ಕೂಡಲೇ ಅಲೆಯ ಆಕಾರ ಬದಲಾಗುತ್ತದೆ.

ಸಾಗಿಸುವ ವಿಷಯದಲ್ಲಿ ಮಾರುವವರಿಗೆ ಮೊದಲೇ ಒಂದು ಮಾತು ಹೇಳಿ. ಪ್ಲಗ್-ಇನ್‌ಗಳನ್ನು ಮೇನ್‌ಫ್ರೇಮಿನಿಂದ ಹೊರತೆಗೆದು ಬೇರೆ ಬೇರೆ ಸುತ್ತಿ ಕಳಿಸಬೇಕು. ಒಳಗೇ ಇಟ್ಟು ಕಳಿಸಿದರೆ ದಾರಿಯಲ್ಲಿ ಬೀಳುವ ಪೆಟ್ಟೆಲ್ಲ ಹಿಂದಿನ ಕಾರ್ಡ್ ಅಂಚಿನ ಮೇಲೆ, ಮುಂದಿನ ಬೀಗದ ಮೇಲೆ ಬೀಳುತ್ತದೆ. ಅಂಥ ಒಂದು ಪಾರ್ಸೆಲ್ ನನಗೂ ಬಂದಿತ್ತು, ಕನೆಕ್ಟರ್ ಬಿರುಕು ಬಿಟ್ಟಿತ್ತು, ಮಾರಿದವರು ದುಡ್ಡು ವಾಪಸ್ ಕೊಡಲು ಬಹಳ ಸತಾಯಿಸಿದರು. ಆಮೇಲಿಂದ ಪ್ಯಾಕಿಂಗ್ ಬಗ್ಗೆ ಬರಹದಲ್ಲಿ ಒಪ್ಪಿಸಿಕೊಂಡ ಮೇಲೆಯೇ ದುಡ್ಡು ಕಳಿಸುತ್ತೇನೆ.